ಅಡವು ಇಟ್ಟದ್ದು ಮಾರಿದ್ದಲ್ಲ: ಬಂಗಾರ, ಹೊಲ, ಸಹಿ ಒತ್ತೆ ಇಡುವ ಮುಂಚೆ

"ಹೇಳಿದ ತಾರೀಖು ಮುಗಿದು ಹೋಯ್ತು. ಇನ್ನು ಬಂಗಾರ ಸಾಹುಕಾರನದ್ದೇ ಅಲ್ವಾ?"

ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರು ಬಂಗಾರದ ಜಾಗದಲ್ಲಿ ಹೊಲ ಅಂತಾರೆ, ಕೆಲವರು ಮನೆ ಪತ್ರ ಅಂತಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ಅಲ್ಲ. ಅಡವು ಇಟ್ಟದ್ದು ಮಾರಿದ್ದಲ್ಲ. ಒಡೆತನ ನಿಮ್ಮದೇ ಇರುತ್ತದೆ. ಆದರೆ ಅದು ಕೈಗೆ ವಾಪಸ್ ಬರುವುದು ಬಿಡುವುದು ಬಹಳ ಮಟ್ಟಿಗೆ ನೀವು ಸಹಿ ಹಾಕಿದ ಕಾಗದದ ಮೇಲೆ ನಿಂತಿರುತ್ತದೆ. ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆ ರೊಕ್ಕ ಬೇಕಾದ ದಿನ ಕಾಗದ ಓದುವ ಸಮಾಧಾನ ಯಾರಿಗೂ ಇರುವುದಿಲ್ಲ. ಅದಕ್ಕೇ ಈಗಲೇ ಓದಿ ಇಟ್ಟುಕೊಳ್ಳಿ.

ಮೊದಲು ಪದಗಳು

ಒತ್ತೆ ಅಂದರೆ, ಕೊಟ್ಟ ಮಾತು ನಡೆಸುತ್ತೇನೆ ಎಂಬುದಕ್ಕೆ ಎದುರಿನವರ ಕೈಯಲ್ಲಿ ಬಿಟ್ಟ ವಸ್ತು. ವಸ್ತುವಿನ ಬದಲು ಮನುಷ್ಯನನ್ನೇ ಹಿಡಿದಿಟ್ಟರೆ ಒತ್ತೆಯಾಳು. ಹುಲಿಗೆಮ್ಮನಿಗೆ ಹರಕೆ ಹೊತ್ತು, ಬಟ್ಟೆಯಲ್ಲಿ ನಾಣ್ಯ ಕಟ್ಟಿ ಜಗಲಿ ಮೇಲೆ ಇಡುವ ಮುಡಿಪೂ ಇದೇ ಜಾತಿಯದು. ಬಾಯಿಮಾತಿನ ಜೊತೆ ಒಂದು ವಸ್ತು ಇಟ್ಟು ಮಾತನ್ನು ಗಟ್ಟಿ ಮಾಡುತ್ತೇವೆ. 1872ರ ಭಾರತೀಯ ಕರಾರು ಕಾಯ್ದೆಯ 172ನೇ ಕಲಂ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಸಾಲ ತೀರಿಸುವುದಕ್ಕೆ ಇಲ್ಲವೇ ಮಾತು ನಡೆಸುವುದಕ್ಕೆ ಭದ್ರತೆಯಾಗಿ ವಸ್ತುವನ್ನು ಒಪ್ಪಿಸುವುದು. ಮಾತು ಮತ್ತು ಸಾಲ, ಎರಡನ್ನೂ ಕಾನೂನು ಒಂದೇ ಸಾಲಿನಲ್ಲಿ ಇಟ್ಟಿದೆ.

ಗಿರವಿ ಅಥವಾ ಅಡವು: ಬಂಗಾರ, ಬೆಳ್ಳಿ, ಕಾಳಿನಂಥ ಸಾಗಿಸಬಹುದಾದ ವಸ್ತುವನ್ನು ಸಾಲ ಕೊಟ್ಟವರ ಕೈಗೆ ಕೊಡುವುದು.

ಅಡಮಾನ: ಹೊಲ, ಮನೆ, ನಿವೇಶನವನ್ನು ಪತ್ರದ ಮೂಲಕ ಭದ್ರತೆ ಕೊಡುವುದು.

ಭೋಗ್ಯ: ಅಡಮಾನದಲ್ಲೇ ಒಂದು ಬಗೆ. ಆಸ್ತಿಯ ಸ್ವಾಧೀನ ಸಾಲ ಕೊಟ್ಟವರಿಗೆ ಹೋಗುತ್ತದೆ. ಅವರು ಅದರ ಫಲ ಉಣ್ಣುತ್ತಾರೆ, ಬಡ್ಡಿ ಕೇಳುವುದಿಲ್ಲ.

ಹೈಪಾಥಿಕೇಶನ್: ಟ್ರ್ಯಾಕ್ಟರ್, ಬೈಕು ನಿಮ್ಮ ಅಂಗಳದಲ್ಲೇ ಇರುತ್ತದೆ. ಅದರ ಮೇಲಿನ ಭಾರ ಬ್ಯಾಂಕಿನ ಹೆಸರಿನಲ್ಲಿ ಇರುತ್ತದೆ.

ಜಾಮೀನು: ವಸ್ತು ಏನೂ ಇಲ್ಲ. ಇನ್ನೊಬ್ಬರ ಸಾಲಕ್ಕೆ ನಿಮ್ಮ ಸಹಿಯೇ ಒತ್ತೆ.

ನಮ್ಮ ಕಡೆ ಇಷ್ಟನ್ನೂ ಸೇರಿಸಿ "ಅಡ ಇಟ್ಟೆ" ಅಂದುಬಿಡುತ್ತೇವೆ. ಕಟ್ಟೆ ಮೇಲಿನ ಮಾತಿಗೆ ಅದು ಸಾಕು. ಕಾಗದಕ್ಕೆ ಸಾಲದು.

ಹಂತ 1: ಅಡವು ಇಡಲೇಬೇಕಾ, ಕೇಳಿ ನೋಡಿ

ಬೆಳೆ ಸಾಲಕ್ಕೆ ಹೋಗುವ ಎಷ್ಟೋ ರೈತರು ಮೊದಲೇ ಬಂಗಾರ ಗಂಟು ಕಟ್ಟಿಕೊಂಡು ಹೋಗುತ್ತಾರೆ. 2025ರ ಜನವರಿ 1ರಿಂದ ಕೃಷಿ ಮತ್ತು ಅದಕ್ಕೆ ಹೊಂದಿದ ಕಸುಬುಗಳಿಗೆ 2 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಭದ್ರತೆ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಮೊದಲು ಈ ಮಿತಿ 1.6 ಲಕ್ಷ ಇತ್ತು. ನೀವಾಗಿಯೇ ಬಂಗಾರ ಇಟ್ಟರೆ ತಪ್ಪಲ್ಲ. ಆದರೆ ಇಡದೆಯೂ ಸಿಗುತ್ತದೆ ಎಂಬುದು ಗೊತ್ತಿರಲಿ.

ಸುಗ್ಗಿಯಲ್ಲಿ ಭತ್ತ, ಹತ್ತಿ, ತೊಗರಿಗೆ ರೇಟು ಬಿದ್ದಾಗ ಇನ್ನೊಂದು ದಾರಿ ಇದೆ. ಮಾಲನ್ನೇ ಅಡವು ಇಡುವುದು. ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾದ ಗೋದಾಮಿನಲ್ಲಿ ಮಾಲು ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಕೊಡುತ್ತಾರೆ. ಆ ರಸೀದಿಯ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಕೊಯ್ಲಿನ ನಂತರ 6 ತಿಂಗಳವರೆಗೆ ಬಡ್ಡಿ ರಿಯಾಯಿತಿಯೂ ಇದೆ. ದಲ್ಲಾಳಿ ಅಂಗಡಿಯಲ್ಲಿ ಮುಂಗಡ ತಗೊಂಡು, ಅದೇ ಅಂಗಡಿಗೆ ಅವರು ಹೇಳಿದ ರೇಟಿಗೆ ಹಾಕುವ ಕಟ್ಟುಪಾಡು ಇದರಲ್ಲಿ ಇಲ್ಲ. ಗೋದಾಮು ನೋಂದಣಿ ಆಗಿದೆಯಾ ಎಂದು ಮಾತ್ರ ಮೊದಲು ನೋಡಿಕೊಳ್ಳಿ. ಆಗಿರದಿದ್ದರೆ ಆ ರಸೀದಿ ಸುಮ್ನೆ ಒಂದು ಚೀಟಿ.

ಹಂತ 2: ಯಾರ ಹತ್ತಿರ ಇಡುತ್ತೀರಿ

ಬ್ಯಾಂಕು, ಸಹಕಾರಿ ಬ್ಯಾಂಕು, ಬಂಗಾರದ ಮೇಲೆ ಸಾಲ ಕೊಡುವ ಹಣಕಾಸು ಕಂಪನಿ ಇವೆಲ್ಲ ರಿಸರ್ವ್ ಬ್ಯಾಂಕಿನ ನಿಯಮದ ಕೆಳಗೆ ಬರುತ್ತವೆ. ಊರೂರಲ್ಲಿ ಇರುವ ಸೌಹಾರ್ದ ಸಹಕಾರಿಗಳು ಹಾಗಲ್ಲ. ಅವು ರಾಜ್ಯದ ಸೌಹಾರ್ದ ಕಾಯ್ದೆಯ ಕೆಳಗೆ ನಡೆಯುತ್ತವೆ. ಕೆಳಗೆ ನಾನು ರಿಸರ್ವ್ ಬ್ಯಾಂಕಿನ ನಿಯಮ ಅಂತ ಹೇಳುವುದು ಅವಕ್ಕೆ ಅನ್ವಯಿಸುವುದಿಲ್ಲ. ಹೆಸರಿನ ಬೋರ್ಡು ನೋಡಿ ಬ್ಯಾಂಕು ಎಂದುಕೊಳ್ಳಬೇಡಿ.

ಗಿರವಿ ಅಂಗಡಿಗೆ 1961ರ ಕರ್ನಾಟಕ ಗಿರವಿದಾರರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಬಡ್ಡಿ ವ್ಯವಹಾರ ಮಾಡುವ ಸಾಹುಕಾರರಿಗೆ ಅದೇ ವರ್ಷದ ಲೇವಾದೇವಿ ಕಾಯ್ದೆ ಇದೆ. ಲೈಸೆನ್ಸ್ ಕೊಡುವುದು ಸಹಕಾರ ಇಲಾಖೆ. ಅಂಗಡಿಯ ಗೋಡೆ ನೋಡಿ, ಕಾಣದಿದ್ದರೆ ಕೇಳಿ. "ನಂಬಿಕೆ ಇಲ್ವಾ?" ಅಂತ ಮಾತು ತಿರುಗಿಸಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 3: ತೂಕ ಮಾಡಿಸುವಾಗ ಕಣ್ಣು ಅಲ್ಲೇ ಇರಲಿ

ನಾನು ಅತಿ ಹೆಚ್ಚು ಒತ್ತಿ ಹೇಳುವ ಹಂತ ಇದು. ಜನ ಅತಿ ಹೆಚ್ಚು ಮೋಸ ಹೋಗುವುದೂ ಇಲ್ಲೇ.

ನಮ್ಮವ್ವನ ಬೋರಮಾಳ ಸರವನ್ನು ಒಂದು ಅಂಗಡಿಯಲ್ಲಿ ಇಟ್ಟಿದ್ದೆವು. ಚೀಟಿಯಲ್ಲಿ "ಸರ 1" ಎಂದಷ್ಟೇ ಬರೆದಿದ್ದರು. ಬಿಡಿಸಿ ತಂದು ಮನೆಯಲ್ಲಿ ಎಣಿಸಿದಾಗ ಎರಡು ಗುಂಡು ಕಡಿಮೆ. ಕೇಳಲು ಹೋದರೆ, ಎಷ್ಟಿತ್ತು ಅಂತ ತೋರಿಸಿ ಅಂದರು. ನಮ್ಮ ಹತ್ತಿರ ತೋರಿಸಲು ಏನೂ ಇರಲಿಲ್ಲ.

ಬೋರಮಾಳದ ಗುಂಡನ್ನು ಹತ್ತಿರದಿಂದ ನೋಡಿ. ಹೊರಗೆ ತೆಳು ಬಂಗಾರದ ತಗಡು, ಒಳಗೆ ಅರಗು. ಕರಿಮಣಿ ಸರದಲ್ಲಿ ಮಣಿಯ ತೂಕ ಬೇರೆ, ದಾರದ ತೂಕ ಬೇರೆ. ಜುಮುಕಿಯಲ್ಲಿ ಹರಳು. ತಕ್ಕಡಿ ಮೊದಲು ತೋರಿಸುವುದು ಒಟ್ಟು ತೂಕ. ಅದರಲ್ಲಿ ಅರಗು, ಮಣಿ, ಹರಳು ಕಳೆದರೆ ಬರುವುದು ನಿವ್ವಳ ತೂಕ. ಸಾಲ ಕೊಡುವುದು ನಿವ್ವಳ ತೂಕದ ಮೇಲೆ. ಎಷ್ಟು ಕಳೆದರು, ಯಾಕೆ ಅಷ್ಟು ಕಳೆದರು ಎಂದು ಅಲ್ಲೇ ನಿಂತು ಕೇಳಿ. ಆಮೇಲೆ ಕಪ್ಪು ಒರೆಗಲ್ಲಿನ ಮೇಲೆ ತಿಕ್ಕಿ, ಆ ಗೆರೆಗೆ ಆಸಿಡ್ ಹಚ್ಚಿ ನೋಡುತ್ತಾರೆ. ಗೆರೆ ಎಷ್ಟು ಉಳಿಯುತ್ತದೆ ಎಂಬುದರ ಮೇಲೆ ಎಷ್ಟು ಕ್ಯಾರೆಟ್ ಎಂದು ಅಂದಾಜು ಮಾಡುತ್ತಾರೆ. ಒಡವೆಯನ್ನು ಒಳಕೋಣೆಗೆ ಒಯ್ದು "ಇಷ್ಟು ಬಂತು" ಎಂದರೆ ಒಪ್ಪಬೇಡಿ. ಸಾಲಗಾರರ ಎದುರಲ್ಲೇ ಪರೀಕ್ಷೆ ಆಗಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಇನ್ನೊಂದು ಸಣ್ಣ ವಿಷಯ, ಆದರೆ ನಷ್ಟ ಸಣ್ಣದಲ್ಲ. ಹಳಬರ ತೊಲ ಅಂದರೆ 11.66 ಗ್ರಾಂ. ಈಗ ಅಂಗಡಿಗಳಲ್ಲಿ ತೊಲ ಅಂದರೆ 10 ಗ್ರಾಂ. ಅಜ್ಜಿಯ ಕಾಲದ "ಮೂರು ತೊಲ"ದ ಒಡವೆ ಇಡುತ್ತಿದ್ದರೆ ತೊಲದಲ್ಲಿ ಮಾತಾಡಬೇಡಿ. ಗ್ರಾಂ, ಮಿಲಿಗ್ರಾಂನಲ್ಲಿ ಬರೆಸಿ.

ಮತ್ತೆ, ಆ ಒಡವೆ ಯಾರದು? ತವರಿನಿಂದ ಬಂದ ಒಡವೆ, ಮದುವೆಯಲ್ಲಿ ಹೆಣ್ಣಿಗೆ ಹಾಕಿದ ಒಡವೆ ಅವಳ ಸ್ವಂತ ಆಸ್ತಿ. ಅವಳನ್ನು ಕೇಳದೆ ಟ್ರಂಕಿನಿಂದ ತೆಗೆಯಬೇಡಿ. ಅವಳ ಒಡವೆ ಇಡುವುದಾದರೆ ಚೀಟಿಯೂ ಅವಳ ಹೆಸರಿನಲ್ಲೇ ಇರಲಿ.

ಹಂತ 4: ಚೀಟಿಯಲ್ಲಿ ಏನಿರಬೇಕು

ಒಡವೆಯ ಹೆಸರು, ಎಷ್ಟು ತುಂಡು, ಗುಂಡು ಮಣಿ ಎಷ್ಟು. ಒಟ್ಟು ತೂಕ, ನಿವ್ವಳ ತೂಕ, ಕ್ಯಾರೆಟ್. ಕೈಗೆ ಬಂದ ರೊಕ್ಕ. ವರ್ಷಕ್ಕೆ ಶೇಕಡಾ ಎಷ್ಟು ಬಡ್ಡಿ. ಕೊನೆಯ ತಾರೀಖು. ಅಂಗಡಿಯ ಸೀಲು, ಲೈಸೆನ್ಸ್ ನಂಬರು, ಸಹಿ. ಇಷ್ಟು ಇಲ್ಲದಿದ್ದರೆ ಬರೆಸಿಕೊಂಡೇ ಎದ್ದೇಳಿ. ಕೊಡುವ ಮೊದಲು ಒಡವೆಯನ್ನು ಬಿಳಿ ಹಾಳೆಯ ಮೇಲೆ ಹರಡಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಚೀಟಿಯದ್ದೂ ಒಂದು ಫೋಟೋ ತೆಗೆದು ಮನೆಯ ಇನ್ನೊಬ್ಬರ ಮೊಬೈಲಿಗೆ ಕಳಿಸಿ. ಬ್ಯಾಂಕಿನ ಕಾಗದ ನಿಮಗೆ ಓದಲು ಬಾರದ ಭಾಷೆಯಲ್ಲಿದ್ದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ಹಂತ 5: ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತನ್ನಿ

"ನೂರಕ್ಕೆ ಎರಡು" ಅಂದಾಗ ಸಣ್ಣದು ಅನಿಸುತ್ತದೆ. ಅದು ತಿಂಗಳ ಲೆಕ್ಕ. 12ರಿಂದ ಗುಣಿಸಿ: ವರ್ಷಕ್ಕೆ ಶೇ 24. 50,000 ರೂಪಾಯಿಗೆ ವರ್ಷಕ್ಕೆ 12,000 ಬಡ್ಡಿ. "ನೂರಕ್ಕೆ ಮೂರು" ಆದರೆ 18,000. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರರು ಭದ್ರತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ 14, ಭದ್ರತೆ ಇಲ್ಲದ ಸಾಲಕ್ಕೆ ಶೇ 16ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಶೇ 14 ಅಂದರೆ ಅದೇ 50,000ಕ್ಕೆ 7,000. ಮೊದಲ ತಿಂಗಳ ಬಡ್ಡಿ ಹಿಡಿದುಕೊಂಡು 49,000 ಕೊಟ್ಟು, ಚೀಟಿಯಲ್ಲಿ 50,000 ಬರೆಯುವ ರೂಢಿಯೂ ಇದೆ. ಕೈಗೆ ಬಂದಷ್ಟನ್ನೇ ಬರೆಸಿ.

ಬ್ಯಾಂಕಿನಲ್ಲಿ ಇಟ್ಟರೆ ಒಡವೆಯ ಬೆಲೆಯಷ್ಟೂ ಸಾಲ ಸಿಗುವುದಿಲ್ಲ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊಸ ನಿಯಮ ಹೊರಡಿಸಿತು. 2026ರ ಏಪ್ರಿಲ್ 1ರೊಳಗೆ ಎಲ್ಲರೂ ಪಾಲಿಸಬೇಕು ಎಂದು ಗಡುವು ಕೊಟ್ಟಿತು. ಮನೆ ಖರ್ಚಿನ ಸಾಲ ಎರಡೂವರೆ ಲಕ್ಷದವರೆಗೆ ಇದ್ದರೆ ಒಡವೆ ಬೆಲೆಯ ಶೇ 85, ಐದು ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ಇಲ್ಲೊಂದು ಗಂಟು ಇದೆ. ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ, ಆ ಬಡ್ಡಿಯೂ ಈ ಮಿತಿಯ ಒಳಗೇ ಬರಬೇಕು. 2 ಲಕ್ಷ ಬೆಲೆಯ ಒಡವೆಗೆ ಮಿತಿ 1 ಲಕ್ಷ 70 ಸಾವಿರ. ಬಡ್ಡಿ ಶೇ 10 ಇದ್ದರೆ ಕೈಗೆ ಬರುವುದು ಸುಮಾರು 1 ಲಕ್ಷ 54 ಸಾವಿರ. "ಕಡಿಮೆ ಕೊಟ್ಟರು" ಎಂದು ಕೌಂಟರಿನಲ್ಲಿ ಜಗಳ ಆಡುವ ಮುಂಚೆ ಈ ಲೆಕ್ಕ ಮಾಡಿ ನೋಡಿ.

ಹಂತ 6: ಹೊಲ, ಮನೆ ಆದರೆ ಪತ್ರದ ಹೆಸರು ಓದಿ

ಬಂಗಾರ ಹೋದರೆ ಮತ್ತೆ ಮಾಡಿಸಬಹುದು. ಹೊಲ ಹೋದರೆ ಮನೆತನವೇ ಗುಳೆ ಏಳುತ್ತದೆ. ಹಾಗಾಗಿ ಇಲ್ಲಿ ನಿಧಾನಿಸಿ.

ಕೈಯಲ್ಲಿರುವ ಪತ್ರದ ತಲೆಬರಹ ಓದಿ. "ಅಡಮಾನ ಪತ್ರ" ಎಂದಿದೆಯಾ, "ಖರೀದಿ ಪತ್ರ" ಎಂದಿದೆಯಾ? ಸಾಲ ಕೊಡುವಾಗ ಖರೀದಿ ಪತ್ರವನ್ನೇ ನೋಂದಣಿ ಮಾಡಿಸಿಕೊಂಡು, "ರೊಕ್ಕ ಕೊಟ್ಟ ದಿನ ವಾಪಸ್ ಬರೆದುಕೊಡ್ತೀನಿ" ಎಂದು ಬಾಯಿಮಾತು ಕೊಡುವುದು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ನಡೆಯುತ್ತದೆ. ಆ ಬಾಯಿಮಾತನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ. ವಾಪಸ್ ಕೊಡುವ ಷರತ್ತು ಇರುವ ಮಾರಾಟವನ್ನು ಕಾನೂನು ಅಡಮಾನ ಎಂದು ಒಪ್ಪಬೇಕಾದರೆ, ಆ ಷರತ್ತು ಅದೇ ಪತ್ರದೊಳಗೆ ಇರಲೇಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಂ ಹಾಗೆ ಹೇಳುತ್ತದೆ. ಬೇರೆ ಬಾಂಡ್ ಪೇಪರಿನಲ್ಲಿ ಬರೆದುಕೊಟ್ಟರೆ ಅಡಮಾನ ಆಗುವುದಿಲ್ಲ.

ಅಡಮಾನ ಪತ್ರ 100 ರೂಪಾಯಿ ಮೇಲಿನ ಸಾಲಕ್ಕೆ ನೋಂದಣಿ ಆಗಬೇಕು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಬ್ಯಾಂಕಿನಲ್ಲಿ ಮೂಲ ಪತ್ರ ಠೇವಣಿ ಇಟ್ಟು ಮಾಡುವ ಅಡಮಾನಕ್ಕೆ ಮಾತ್ರ ಬೇರೆ ಕ್ರಮ. ಸರಿಯಾಗಿ ಅಡಮಾನ ಮಾಡಿದ್ದರೆ ಬಿಡಿಸಿಕೊಳ್ಳುವ ಹಕ್ಕನ್ನು ಯಾವ ಷರತ್ತು ಬರೆದೂ ಕಿತ್ತುಕೊಳ್ಳಲು ಆಗುವುದಿಲ್ಲ. ಬಿಡಿಸಿಕೊಳ್ಳಲು ದಾವೆ ಹಾಕುವುದಕ್ಕೆ 30 ವರ್ಷ ಅವಧಿ ಇದೆ.

ಬಳ್ಳಾರಿ, ರಾಯಚೂರಿನಂಥ ಊರಲ್ಲಿ ಮನೆಯನ್ನು ಭೋಗ್ಯಕ್ಕೆ ಹಿಡಿಯುವವರಿಗೂ ಒಂದು ಮಾತು. ನೀವು ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಮೂರು ವರ್ಷ ಇರುತ್ತೀರಿ. ಇಲ್ಲಿ ಸಾಲ ಕೊಟ್ಟವರು ನೀವು, ಮನೆ ನಿಮಗೆ ಒತ್ತೆ. ಬಾಂಡ್ ಪೇಪರಿನ ಕರಾರಿಗೆ ನಂಬಿ ರೊಕ್ಕ ಕೊಡಬೇಡಿ, ಭೋಗ್ಯ ಪತ್ರ ನೋಂದಣಿ ಮಾಡಿಸಿ. ಅದಕ್ಕೂ ಮುಂಚೆ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ತೆಗೆಸಿ. ಆ ಮನೆ ಆಗಲೇ ಬ್ಯಾಂಕಿಗೆ ಅಡಮಾನ ಆಗಿದ್ದರೆ ಮೊದಲ ಹಕ್ಕು ಬ್ಯಾಂಕಿನದು. ಹೊಲವಾದರೆ ಪಹಣಿಯ 11ನೇ ಕಾಲಂ ನೋಡಿ, ಸಾಲದ ಬೋಜಾ ಅಲ್ಲಿ ಕಾಣುತ್ತದೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಸಾಹುಕಾರನಿಗೆ ಮಾರಲು, ಅಡಮಾನ ಮಾಡಲು, ಗೇಣಿಗೆ ಕೊಡಲು ಬರುವುದಿಲ್ಲ. ಹಾಗೆ ಬರೆಸಿಕೊಂಡ ಪತ್ರಕ್ಕೆ ಬೆಲೆ ಇಲ್ಲ.

ಹಂತ 7: ಸಹಿಯೂ ಒತ್ತೆಯೇ

ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ. "ಸುಮ್ನೆ ಭದ್ರತೆಗೆ" ಎಂದು ಕೇಳುತ್ತಾರೆ. ಸಹಿ ಮಾಡಿ ನೀವಾಗಿಯೇ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ ಸಾಲಕ್ಕೇ ಕೊಟ್ಟದ್ದು ಎಂದು ಕೋರ್ಟು ಮೊದಲು ಭಾವಿಸುತ್ತದೆ, ಅಲ್ಲ ಎಂದು ತೋರಿಸುವ ಹೊರೆ ನಿಮ್ಮದು. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಖಾಲಿ ಬಾಂಡ್ ಪೇಪರಿಗೂ ಇದೇ ಎಚ್ಚರ. ಕೊಡಲೇಬೇಕಾದರೆ ಮೊತ್ತ, ತಾರೀಖು, ಹೆಸರು ನೀವೇ ತುಂಬಿ. ಚೆಕ್ ನಂಬರನ್ನು ಸಾಲದ ಚೀಟಿಯಲ್ಲಿ ಬರೆಸಿ.

ಜಾಮೀನು ಹಾಕುವವರಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. "ಮೊದಲು ಅವನನ್ನು ಕೇಳಿ, ಆಮೇಲೆ ನನ್ನನ್ನು" ಎನ್ನುವ ಹಾಗಿಲ್ಲ. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಸಾಲಗಾರನಷ್ಟೇ ಹೊಣೆ ಜಾಮೀನುದಾರನದು. ಬ್ಯಾಂಕು ನೇರ ನಿಮ್ಮ ಮನೆಗೇ ಬರಬಹುದು. ನೀವು ಕಟ್ಟಿದ್ದನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ, ಆದರೆ ಅದು ನಿಮ್ಮ ಓಡಾಟ. ಬೀಗರು, ಗೆಳೆಯರು ಎಂದು ಸಂಕೋಚಕ್ಕೆ ಸಹಿ ಹಾಕುವುದಾದರೆ, ಪೂರ್ತಿ ಸಾಲ ನಾನೇ ಕಟ್ಟಬಲ್ಲೆನಾ ಎಂದು ಒಂದು ಸಲ ಕೇಳಿಕೊಳ್ಳಿ.

ಹಂತ 8: ದುಡಿಮೆಯನ್ನು ಒತ್ತೆ ಇಡಬೇಡಿ

ಗುಳೆ ಹೋಗುವ ಮುಂಚೆ ಮೇಸ್ತ್ರಿ ಕೈಯಿಂದ ಮುಂಗಡ ತಗೊಳ್ಳುತ್ತೀರಿ. ಮುಂಗಡ ತಗೊಳ್ಳುವುದು ತಪ್ಪಲ್ಲ. ಆದರೆ ಅದು ತೀರುವ ತನಕ ಇಟ್ಟಿಗೆ ಭಟ್ಟಿ ಬಿಟ್ಟು ಹೋಗುವಂತಿಲ್ಲ, ಬೇರೆ ಕಡೆ ದುಡಿಯುವಂತಿಲ್ಲ, ಕನಿಷ್ಠ ಕೂಲಿಯೂ ಇಲ್ಲ ಎಂದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇದನ್ನು ಅಪರಾಧ ಎಂದಿದೆ. ಜೀತದ ಆ ಸಾಲ ತೀರಿಸುವ ಹೊಣೆಯೂ ಇರುವುದಿಲ್ಲ. ತಹಶೀಲ್ದಾರರಿಗೆ, ಉಪವಿಭಾಗಾಧಿಕಾರಿಗೆ ಹೇಳಿ. ಮನುಷ್ಯರನ್ನು ಅಡವು ಇಡಲು ಯಾವ ಕಾನೂನೂ ಬಿಡುವುದಿಲ್ಲ.

ಹಂತ 9: ಕಂತು ತಪ್ಪಿದರೆ

ಬಾಯಿ ಮುಚ್ಚಿ ಕೂರಬೇಡಿ. ತಾರೀಖಿಗೆ ಮುಂಚೆಯೇ ಹೋಗಿ ಬಡ್ಡಿಯಾದರೂ ಕಟ್ಟಿ, ಅವಧಿ ಮುಂದಕ್ಕೆ ಹಾಕಿ ಎಂದು ಲಿಖಿತವಾಗಿ ಕೇಳಿ. ಆ ಅರ್ಜಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಅಡವು ಇಟ್ಟುಕೊಂಡವರು ವಸ್ತುವನ್ನು ಮಾರಬಹುದು. ಆದರೆ ಮೊದಲು ನಿಮಗೆ ನೋಟಿಸ್ ಕೊಡಬೇಕು. ನಿಜವಾಗಿ ಮಾರಾಟ ಆಗುವ ಗಳಿಗೆಯವರೆಗೆ ಬಾಕಿ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ನಿಮಗಿದೆ. ಮಾರಿದ ರೊಕ್ಕದಲ್ಲಿ ಬಾಕಿ ಕಳೆದು ಉಳಿದದ್ದು ನಿಮಗೆ ಸೇರಬೇಕು. ಇದು ಸಾಹುಕಾರನಿಗೂ ಅನ್ವಯಿಸುತ್ತದೆ, ಕರಾರು ಕಾಯ್ದೆಯ 176 ಮತ್ತು 177ನೇ ಕಲಂಗಳಲ್ಲಿ ಇದೆ. ರೊಕ್ಕ ಕಡಿಮೆ ಬಿದ್ದರೆ ಅಷ್ಟನ್ನು ನೀವು ತುಂಬಬೇಕು, ಅದೂ ಗೊತ್ತಿರಲಿ. ಬ್ಯಾಂಕಿನ ಹರಾಜಾದರೆ ಕನಿಷ್ಠ ಬೆಲೆಯನ್ನು ಒಡವೆಯ ಈಗಿನ ಬೆಲೆಯ ಶೇ 90ಕ್ಕಿಂತ ಕೆಳಗೆ ಇಡುವಂತಿಲ್ಲ. ಎರಡು ಹರಾಜು ವಿಫಲವಾದರೆ ಮಾತ್ರ ಶೇ 85ಕ್ಕೆ ಇಳಿಸಬಹುದು. ಹೆಚ್ಚುವರಿ ರೊಕ್ಕ 7 ಕೆಲಸದ ದಿನದೊಳಗೆ ನಿಮ್ಮ ಕೈ ಸೇರಬೇಕು.

ಮನೆ ಮುಂದೆ ಕೂತು ಬೈಯುವುದು, ಪಾತ್ರೆ ಪಗಡ ಎತ್ತಿಕೊಂಡು ಹೋಗುವುದು ವಸೂಲಿ ಅಲ್ಲ, ಅಪರಾಧ. ಇಂಥ ಕಿರುಕುಳಕ್ಕೆ 2025ರಲ್ಲಿ ರಾಜ್ಯ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. 112ಕ್ಕೆ ಫೋನ್ ಮಾಡಿ. ವಕೀಲರಿಗೆ ಕೊಡಲು ರೊಕ್ಕ ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಬ್ಯಾಂಕಿನ ಮೇಲಿನ ದೂರು ಮೊದಲು ಬ್ಯಾಂಕಿಗೇ ಲಿಖಿತವಾಗಿ ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಲೋಕಪಾಲರ (ಒಂಬುಡ್ಸ್‌ಮನ್) ಹತ್ತಿರ ಹೋಗಬಹುದು, ವಿಚಾರಿಸಲು 14448.

ಹಂತ 10: ಬಿಡಿಸಿಕೊಂಡ ದಿನ

ಸಾಲ ತೀರಿದ ಖುಷಿಯಲ್ಲಿ ಅರ್ಧ ಕೆಲಸ ಅಲ್ಲೇ ಬಿಟ್ಟು ಬರುತ್ತೇವೆ. ಮೊದಲು "ಬಾಕಿ ಇಲ್ಲ" ಪತ್ರ ತಗೊಳ್ಳಿ. ಕೊಟ್ಟ ಚೆಕ್ಕು, ಪ್ರಾಮಿಸರಿ ನೋಟು, ಬಾಂಡು ಎಲ್ಲ ವಾಪಸ್ ಕೇಳಿ. ಮನೆ ಸಾಲವಾದರೆ ಮೂಲ ಪತ್ರಗಳನ್ನು ಬ್ಯಾಂಕು 30 ದಿನದೊಳಗೆ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಹೊಲದ ಸಾಲವಾದರೆ ಪಹಣಿಯಲ್ಲಿ ಬೋಜಾ ತೆಗೆಸಿ. ಇದನ್ನು ಮರೆತು, ಮಕ್ಕಳು ಪಾಲು ಮಾಡಿಕೊಳ್ಳುವ ಹೊತ್ತಿಗೆ ಅಜ್ಜನ ಸಾಲ ಪಹಣಿಯಲ್ಲಿ ಹಾಗೇ ಕೂತಿರುತ್ತದೆ. ಟ್ರ್ಯಾಕ್ಟರ್, ಬೈಕಾದರೆ ಬ್ಯಾಂಕಿನಿಂದ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ಮತ್ತು ಫಾರ್ಮ್ 35 ತಗೊಂಡು ಆರ್‌ಟಿಒ ಕಚೇರಿಯಲ್ಲಿ ಹೈಪಾಥಿಕೇಶನ್ ತೆಗೆಸಿ.

ಒಡವೆಯನ್ನು ಬ್ಯಾಂಕು, ಕಂಪನಿಗಳು ಪೂರ್ತಿ ಕಟ್ಟಿದ ದಿನವೇ, ತಪ್ಪಿದರೆ 7 ಕೆಲಸದ ದಿನದೊಳಗೆ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ಇಲ್ಲೂ ದಿನಕ್ಕೆ 5,000 ರೂಪಾಯಿ. ಪೊಟ್ಟಣ ಕೈಗೆ ಬಂದ ಕೂಡಲೇ ಸೆರಗಿಗೆ ಕಟ್ಟಿಕೊಂಡು ಹೊರಡಬೇಡಿ. ಅಲ್ಲೇ ಕೌಂಟರಿನ ಮೇಲೆ ಬಿಚ್ಚಿ. ಹಳೆಯ ಫೋಟೋ ಪಕ್ಕದಲ್ಲಿಡಿ. ಗುಂಡು ಎಣಿಸಿ, ಅದೇ ತಕ್ಕಡಿಯಲ್ಲಿ ತೂಗಿಸಿ, ಚೀಟಿಯ ತೂಕಕ್ಕೆ ತಾಳೆ ನೋಡಿ. ಆಮೇಲೆ "ಒಡವೆ ಮುಟ್ಟಿದೆ" ಎಂದು ಸಹಿ ಹಾಕಿ.